ಕ್ಲಿನಿಕ್‌ಗೆ ಸಾಫ್ಟ್‌ವೇರ್ ಹಾಕುವ ಕ್ರಮ: ಮೊದಲು ಕೌಂಟರ್, ಆಮೇಲೆ ಡಾಕ್ಟರ ಮೇಜು

ಸಾಫ್ಟ್‌ವೇರ್ ಕೊಂಡು ಮೂರೇ ತಿಂಗಳಿಗೆ ನೋಟ್‌ಬುಕ್ಕಿಗೆ ವಾಪಸಾದ ಕ್ಲಿನಿಕ್‌ಗಳಲ್ಲಿ ತಪ್ಪು ಸಾಮಾನ್ಯವಾಗಿ ಒಂದೇ ಇರುತ್ತದೆ. ಮೊದಲ ದಿನವೇ ಡಾಕ್ಟರ ಮೇಜಿನ ಮೇಲೆ ಕಂಪ್ಯೂಟರ್ ಇಟ್ಟು ಔಷಧಿ ಚೀಟಿ ಟೈಪ್ ಮಾಡಲು ಶುರು ಮಾಡುತ್ತಾರೆ. ಒಳಗೆ ಒಬ್ಬೊಬ್ಬರಿಗೂ ಎರಡರಷ್ಟು ಹೊತ್ತು ಹಿಡಿಯುತ್ತದೆ, ಹೊರಗೆ ಬೆಂಚು ತುಂಬಿ ಗಲಾಟೆ ಏಳುತ್ತದೆ, ವಾರದೊಳಗೆ ಡಾಕ್ಟರು ಮತ್ತೆ ಪೆನ್ನು ಹಿಡಿಯುತ್ತಾರೆ. ತೊಡಕು ಸಾಫ್ಟ್‌ವೇರಿನದಲ್ಲ, ಕ್ರಮದ್ದು.

ಸರಿಯಾದ ಕ್ರಮ ಹೀಗೆ: ಹೆಸರು ನೋಂದಣಿ, ಹಣ, ಚೀಟಿ, ಔಷಧಿ ದಾಸ್ತಾನು, ಮೆಸೇಜು, ಕೊನೆಗೆ ಆಭಾ, ಅಂದರೆ ರೋಗಿಯ ಡಿಜಿಟಲ್ ಆರೋಗ್ಯ ಗುರುತಿನ ಸಂಖ್ಯೆ. ಒಂದು ಗಟ್ಟಿಯಾಗದೆ ಮುಂದಿನದಕ್ಕೆ ಕೈ ಹಾಕಬೇಡಿ. ಒಬ್ಬರೋ ಇಬ್ಬರೋ ಡಾಕ್ಟರಿರುವ, ದಿನಕ್ಕೆ 40ರಿಂದ 80 ಹೊರರೋಗಿಗಳನ್ನು ನೋಡುವ ಕ್ಲಿನಿಕ್‌ಗೆ ಇಷ್ಟಕ್ಕೆ ಸುಮಾರು ಆರರಿಂದ ಎಂಟು ವಾರ ಬೇಕು. ಒಳರೋಗಿ ಹಾಸಿಗೆ, ಲ್ಯಾಬ್ ಇದ್ದರೆ ಅದು ಬೇರೆಯೇ ಕೆಲಸ, ಇಲ್ಲಿ ಅದರ ಮಾತಿಲ್ಲ.

## ಹಂತ 1: ದುಡ್ಡು ಕೊಡುವ ಮುಂಚೆ ಮಾಡಬೇಕಾದ ಪರೀಕ್ಷೆ

ಮಾರಾಟಗಾರರ ಲ್ಯಾಪ್‌ಟಾಪಿನಲ್ಲಿ ಡೆಮೊ ನೋಡಿ ಒಪ್ಪಬೇಡಿ. ನಿಮ್ಮ ಕೌಂಟರಿನಲ್ಲಿ, ನಿಮ್ಮ ಪ್ರಿಂಟರಿಗೆ ಜೋಡಿಸಿ, ನಿಮ್ಮ ರಿಸೆಪ್ಷನಿಸ್ಟ್ ಕೈಯಲ್ಲೇ 20 ಸುಳ್ಳು ಹೆಸರುಗಳನ್ನು ನೋಂದಾಯಿಸಿ. ಆಮೇಲೆ ಈ ನಾಲ್ಕನ್ನು ನೋಡಿ.

1. ಆ 20 ಜನರ ಎಲ್ಲ ಮಾಹಿತಿ, ಅಂದರೆ ಬಿಲ್ಲು ಮತ್ತು ಚೀಟಿ ಸೇರಿ, ಎಕ್ಸೆಲ್‌ನಲ್ಲಿ ತೆರೆಯುವ ಫೈಲಾಗಿ ಹೊರಬರುತ್ತದೆಯೇ? "ಕೇಳಿದರೆ ನಾವೇ ಕೊಡುತ್ತೇವೆ" ಎಂಬ ಉತ್ತರ ಸಾಲದು. ಆ ಬಟನ್ ನಿಮ್ಮ ಲಾಗಿನ್‌ನಲ್ಲೇ ಇರಬೇಕು.

2. ಒಂದು ಬಿಲ್ಲನ್ನು ರದ್ದು ಮಾಡಿದರೆ ಅದು ಮಾಯವಾಗುತ್ತದೆಯೋ, ಅಥವಾ ರದ್ದಾದ ಬಿಲ್ಲಾಗಿ ಯಾರು, ಯಾವಾಗ, ಯಾಕೆ ಎಂಬುದರ ಜೊತೆ ಉಳಿಯುತ್ತದೆಯೋ? ಮಾಯವಾಗುವುದಾದರೆ ಆ ಸಾಫ್ಟ್‌ವೇರ್ ಬೇಡ.

3. ಕನ್ನಡದಲ್ಲಿ ಟೈಪ್ ಮಾಡಿದ ಹೆಸರು ರಸೀದಿಯ ಮೇಲೆ ಸರಿಯಾಗಿ ಅಚ್ಚಾಗುತ್ತದೆಯೇ? 58 ಅಥವಾ 80 ಮಿ.ಮೀ. ಥರ್ಮಲ್ ಪ್ರಿಂಟರಿಗೆ ಬರಿ ಅಕ್ಷರ ಕಳಿಸಿದರೆ ಸಾಮಾನ್ಯವಾಗಿ ಪ್ರಶ್ನಾರ್ಥಕ ಚಿಹ್ನೆಗಳ ಸಾಲು ಬರುತ್ತದೆ, ಏಕೆಂದರೆ ಅಂಥ ಹೆಚ್ಚಿನ ಪ್ರಿಂಟರುಗಳೊಳಗೆ ಕನ್ನಡ ಅಕ್ಷರಮಾಲೆಯೇ ಇರುವುದಿಲ್ಲ. ರಸೀದಿಯನ್ನು ಚಿತ್ರವಾಗಿ ಮಾಡಿ ಕಳಿಸುವ ಸಾಫ್ಟ್‌ವೇರ್ ಆದರೆ "ಲಕ್ಷ್ಮಮ್ಮ" ಲಕ್ಷ್ಮಮ್ಮನಾಗಿಯೇ ಬರುತ್ತಾಳೆ. ಒತ್ತಕ್ಷರ ಬಿಡಿಬಿಡಿಯಾಗಿ ಬಂದರೆ ಆ ಕಡೆಯ ಕೆಲಸ ಇನ್ನೂ ಆಗಿಲ್ಲ ಎಂದರ್ಥ.

4. ಇಂಟರ್ನೆಟ್ ಕೇಬಲ್ ಕಿತ್ತು ಹತ್ತು ನಿಮಿಷ ಕೆಲಸ ಮಾಡಿ. ಏನು ನಿಲ್ಲುತ್ತದೆ, ಏನು ನಡೆಯುತ್ತದೆ ಎಂದು ಬರೆದಿಟ್ಟುಕೊಳ್ಳಿ.

## ಹಂತ 2: ಸಲಕರಣೆ

ಕೌಂಟರಿಗೆ ಒಂದು ಕಂಪ್ಯೂಟರ್, ಒಂದು ಥರ್ಮಲ್ ಪ್ರಿಂಟರ್. ಚೀಟಿಗೆ ಎ5 ಹಾಳೆ ಹಿಡಿಯುವ ಲೇಸರ್ ಪ್ರಿಂಟರ್. ಕಂಪ್ಯೂಟರಿಗೆ 600 ವಿಎ ಯುಪಿಎಸ್ ಸಾಕು. ಅದು ತೆರೆದ ಬಿಲ್ಲು ಮುಗಿಸಿ ಯಂತ್ರವನ್ನು ಕ್ರಮವಾಗಿ ಆಫ್ ಮಾಡುವಷ್ಟು ಹೊತ್ತಿಗೆ ಮಾತ್ರ, ಇಡೀ ಸಂಜೆ ಓಡಿಸಲಿಕ್ಕಲ್ಲ. ರೌಟರಿಗೆ ಪ್ರತ್ಯೇಕ ಮಿನಿ ಯುಪಿಎಸ್ ಹಾಕಿ.

ಲೇಸರ್ ಪ್ರಿಂಟರನ್ನು ಮಾತ್ರ ಆ ಸಣ್ಣ ಯುಪಿಎಸ್‌ಗೆ ಜೋಡಿಸಬೇಡಿ. ಒಳಗಿನ ಹೀಟರ್ ಕಾಯುವಾಗ ಒಮ್ಮೆಲೇ ವಿದ್ಯುತ್ ಎಳೆಯುತ್ತದೆ. ಯುಪಿಎಸ್ ಕೀರಲು ದನಿ ಮಾಡಿ ಆಫ್ ಆಗಿ, ಜೊತೆಗೆ ಕಂಪ್ಯೂಟರನ್ನೂ ಕೆಡವುತ್ತದೆ. "ಪ್ರಿಂಟ್ ಕೊಟ್ಟಾಗಲೆಲ್ಲ ಸಾಫ್ಟ್‌ವೇರ್ ಹ್ಯಾಂಗ್ ಆಗ್ತದೆ" ಎಂಬ ದೂರು ಬಂದರೆ ಮೊದಲು ಪ್ಲಗ್ಗು ಎಲ್ಲಿದೆ ನೋಡಿ.

ಥರ್ಮಲ್ ಕಾಗದದ ಅಚ್ಚು ಕೆಲವೇ ತಿಂಗಳಲ್ಲಿ ಮಾಸಬಹುದು. ವಿಮೆ ಅಥವಾ ಕಚೇರಿಯ ಮರುಪಾವತಿಗೆ ರಸೀದಿ ಕೇಳುವವರಿಗೆ ಎ5 ಹಾಳೆಯಲ್ಲೇ ಕೊಡಿ.

## ಹಂತ 3: ಮಾಸ್ಟರ್ ಪಟ್ಟಿಗಳು

ರೋಗಿಯ ಹೆಸರು ಹಾಕುವ ಮುಂಚೆ ಮೂರು ಪಟ್ಟಿ ಸಿದ್ಧವಿರಲಿ: ಸೇವೆಗಳು ಮತ್ತು ದರ, ಬಳಕೆದಾರರು, ಊರುಗಳು.

ಸೇವೆಗಳ ದರ, ಗೋಡೆಯ ಮೇಲೆ ನೀವು ಹಾಕಿರುವ ದರಪಟ್ಟಿಗೆ ರೂಪಾಯಿ ರೂಪಾಯಿ ಹೊಂದಬೇಕು. 2007ರ ಕರ್ನಾಟಕ ಖಾಸಗಿ ವೈದ್ಯಕೀಯ ಸಂಸ್ಥೆಗಳ ಕಾಯ್ದೆ, ಅಂದರೆ ಎಲ್ಲರೂ ಹೇಳುವ ಕೆಪಿಎಂಇ, ದರವನ್ನು ಕಾಣುವಂತೆ ಪ್ರದರ್ಶಿಸಲು ಹೇಳುತ್ತದೆ. ಗೋಡೆಯಲ್ಲಿ 200, ರಸೀದಿಯಲ್ಲಿ 250 ಎಂದಿದ್ದರೆ ಉತ್ತರ ಕೊಡಬೇಕಾದವರು ನೀವೇ. ಡಾಕ್ಟರ ನೋಂದಣಿ ಸಂಖ್ಯೆ ಚೀಟಿ, ಪ್ರಮಾಣಪತ್ರ, ರಸೀದಿ ಮೂರರಲ್ಲೂ ಬರಬೇಕು. ಇದು 2002ರ ವೈದ್ಯಕೀಯ ವೃತ್ತಿ ನಡತೆ ನಿಯಮದಲ್ಲೇ ಇದೆ, ಆದರೂ ರಸೀದಿಯ ನಮೂನೆಯಲ್ಲಿ ಇದನ್ನು ಮರೆಯುವವರೇ ಜಾಸ್ತಿ.

ಜಿಎಸ್‌ಟಿ ಕಾಲಂ ತುಂಬುವಾಗ ನಿಧಾನವಾಗಿ ಹೋಗಿ. ಸಲಹಾ ಶುಲ್ಕ, ಡ್ರೆಸ್ಸಿಂಗ್, ಇಂಜೆಕ್ಷನ್ ಹಾಕುವ ಶುಲ್ಕಕ್ಕೆ ತೆರಿಗೆ ವಿನಾಯಿತಿ ಇದೆ. ಬರಿ ಅಂದಕ್ಕಾಗಿ ಮಾಡುವ ಚರ್ಮ, ಕೂದಲ ಚಿಕಿತ್ಸೆಗೆ ಅದಿಲ್ಲ. ಹೊರರೋಗಿಗೆ ಮಾರುವ ಔಷಧಿಯೂ ತೆರಿಗೆಯೊಳಗೆ ಬರುತ್ತದೆ. ಹೆಚ್ಚಿನ ಔಷಧಿಗಳ ದರ 2025ರ ಸೆಪ್ಟೆಂಬರ್ 22ರಿಂದ ಶೇ. 12ರಿಂದ 5ಕ್ಕೆ ಇಳಿದಿದೆ. ಸಾಫ್ಟ್‌ವೇರ್ ಜೊತೆ ಸಿದ್ಧವಾಗಿ ಬರುವ ಹಳೆಯ ಔಷಧಿ ಪಟ್ಟಿಯಲ್ಲಿ 12 ಹಾಗೇ ಕೂತಿರಬಹುದು. ನೋಂದಣಿ ಬೇಕೋ ಬೇಡವೋ ಎಂಬುದನ್ನು ನಿಮ್ಮ ಲೆಕ್ಕಪರಿಶೋಧಕರು ಹೇಳಲಿ, ಸಾಫ್ಟ್‌ವೇರ್ ಕಂಪನಿಯ ಹುಡುಗ ಅಲ್ಲ.

ಬಳಕೆದಾರರ ವಿಷಯದಲ್ಲಿ ಒಂದೇ ನಿಯಮ: ಒಬ್ಬರಿಗೆ ಒಂದು ಲಾಗಿನ್. "ರಿಸೆಪ್ಷನ್" ಎಂಬ ಒಂದೇ ಹೆಸರಿನಲ್ಲಿ ಮೂವರು ಕೆಲಸ ಮಾಡಿದರೆ ಬಿಲ್ ರದ್ದು ಮಾಡಿದ್ದು ಯಾರೆಂದು ದೇವರೇ ಹೇಳಬೇಕು. ಕೆಲಸ ಬಿಟ್ಟವರ ಲಾಗಿನ್ ಅಳಿಸಬೇಡಿ, ನಿಷ್ಕ್ರಿಯ ಮಾಡಿ. ಹಳೆಯ ಬಿಲ್ಲುಗಳ ಮೇಲೆ ಅವರ ಹೆಸರು ಉಳಿಯಬೇಕು.

## ಹಂತ 4: ನೋಂದಣಿ, ಒಬ್ಬ ರೋಗಿಗೆ ಒಂದೇ ಸಂಖ್ಯೆ

ಇಲ್ಲಿ ಆದ ತಪ್ಪನ್ನು ಆಮೇಲೆ ಸರಿಪಡಿಸುವುದು ಬಹಳ ಕಷ್ಟ. ಹಾಗಾಗಿ ಈ ಹಂತಕ್ಕೆ ಎರಡು ವಾರ ಕೊಡಿ. ಆ ಎರಡು ವಾರ ಸಾಫ್ಟ್‌ವೇರಿನಲ್ಲಿ ನಡೆಯುವುದು ನೋಂದಣಿ ಮತ್ತು ಟೋಕನ್ ಮಾತ್ರ.

ಹೆಚ್ಚಿನ ಸಾಫ್ಟ್‌ವೇರುಗಳು ಮೊದಲ ಹೆಸರು, ಕೊನೆ ಹೆಸರು ಎಂದು ಕೇಳುತ್ತವೆ. ನಮ್ಮಲ್ಲಿ ಮಂಜುನಾಥನಿಗೆ ಕೊನೆ ಹೆಸರೇ ಇರುವುದಿಲ್ಲ. ಇನಿಷಿಯಲ್ ಒಮ್ಮೆ ಮುಂದೆ, ಒಮ್ಮೆ ಹಿಂದೆ. ಲಕ್ಷ್ಮಿಯನ್ನು ಇಂಗ್ಲಿಷಿನಲ್ಲಿ ಒಬ್ಬರು ಕೆಎಸ್‌ಎಚ್ ಹಾಕಿ ಬರೆದರೆ ಇನ್ನೊಬ್ಬರು ಎಕ್ಸ್ ಹಾಕುತ್ತಾರೆ. ಹೀಗಾಗಿ ಒಬ್ಬರಿಗೇ ಮೂರು ಕಾರ್ಡು ಆಗುತ್ತವೆ, ಸಕ್ಕರೆ ಕಾಯಿಲೆಯ ಚರಿತ್ರೆ ಒಂದರಲ್ಲಿ, ಪೆನಿಸಿಲಿನ್ ಅಲರ್ಜಿ ಇನ್ನೊಂದರಲ್ಲಿ.

ಪರಿಹಾರ, ಹುಡುಕುವ ಕ್ರಮವನ್ನು ಬದಲಿಸುವುದು. ಕೌಂಟರಿಗೆ ಬಂದವರ ಹೆಸರು ಕೇಳುವ ಮೊದಲು ಮೊಬೈಲ್ ನಂಬರ್ ಕೇಳಿ. ಒಂದು ನಂಬರಿಗೆ ಇಡೀ ಮನೆಯವರೇ ಬರುತ್ತಾರೆ: ಅಜ್ಜಿ, ಸೊಸೆ, ಎರಡು ಮಕ್ಕಳು. ಆ ಪಟ್ಟಿಯಿಂದ ಹೆಸರು, ವಯಸ್ಸು, ತಂದೆ ಅಥವಾ ಗಂಡನ ಹೆಸರು, ಊರು ನೋಡಿ ಆರಿಸಿ. ಅಲ್ಲಿ ಸಿಗದಿದ್ದರೆ ಹೆಸರಿನ ಮೊದಲ ಮೂರು ಅಕ್ಷರ ಮತ್ತು ಊರಿನಿಂದ ಇನ್ನೊಮ್ಮೆ ಹುಡುಕಿ. ಎರಡೂ ಕಡೆ ಇಲ್ಲದಿದ್ದರೆ ಮಾತ್ರ "ಹೊಸ ರೋಗಿ". ಊರನ್ನು ಪ್ರತಿ ಸಲ ಟೈಪ್ ಮಾಡದೆ ಪಟ್ಟಿಯಿಂದಲೇ ಆರಿಸುವಂತೆ ಮಾಡಿದರೆ ಅರ್ಧ ಗೊಂದಲ ಅಲ್ಲೇ ತಪ್ಪುತ್ತದೆ.

ಹುಟ್ಟಿದ ದಿನಾಂಕ ಗೊತ್ತಿಲ್ಲದವರಿಗೆ ವಯಸ್ಸು ಹಾಕಿ "ಅಂದಾಜು" ಎಂದು ಗುರುತಿಸಿ. ಮಕ್ಕಳಿಗೆ ಮಾತ್ರ ಅಂದಾಜು ಬೇಡ. ತಾಯಿ ಕಾರ್ಡು ನೋಡಿಯೇ ದಿನಾಂಕ ಹಾಕಿ.

ಹಳೆಯ ರಿಜಿಸ್ಟರುಗಳನ್ನೆಲ್ಲ ಕೂತು ಟೈಪ್ ಮಾಡಿಸುವ ಆಸೆ ಬಿಡಿ. ಬಂದವರನ್ನು ಬಂದಂತೆ ನೋಂದಾಯಿಸಿ. ಬಿಪಿ, ಸಕ್ಕರೆ, ಥೈರಾಯ್ಡ್‌ಗೆ ತಿಂಗಳು ತಿಂಗಳು ಬರುವವರ ಪಟ್ಟಿ ಮತ್ತು ಬಾಕಿ ಇರುವವರ ಪಟ್ಟಿ, ಇವೆರಡನ್ನು ಮೊದಲೇ ಹಾಕಿದರೆ ಸಾಕು.

ಎಕ್ಸೆಲ್‌ನಿಂದ ತರುವವರಿಗೆ ಮೂರು ಹಳ್ಳಗಳಿವೆ. 91 ಸೇರಿಸಿದ ಮೊಬೈಲ್ ನಂಬರ್ 12 ಅಂಕಿಯಾಗುತ್ತದೆ. ಎಕ್ಸೆಲ್ ಅದನ್ನು 9.19ಇ+11 ಎಂದು ತೋರಿಸುತ್ತದೆ, ಹಾಗೇ ಸಿಎಸ್‌ವಿ ಆಗಿ ಉಳಿಸಿದರೆ ಉಳಿದ ಅಂಕಿಗಳು ಹೋದಂತೆ. ಕಾಲಂ ಅನ್ನು ಮೊದಲೇ ಟೆಕ್ಸ್ಟ್ ಮಾಡಿ. ದಿನಾಂಕ 05/06 ಎಂದರೆ ಜೂನ್ 5 ಆಗಬೇಕು, ಅಮೆರಿಕದ ಕ್ರಮದ ಕಂಪ್ಯೂಟರಿನಲ್ಲಿ ಮೇ 6 ಆಗುತ್ತದೆ. ತಿಂಗಳಿನ 12ನೇ ತಾರೀಖಿನ ನಂತರದ ದಿನಾಂಕಗಳು ಮಾತ್ರ ತಿರಸ್ಕೃತವಾಗುತ್ತಿದ್ದರೆ ಇದೇ ಕಾರಣ. ಮೂರನೆಯದು, ಹಳೆಯ ನುಡಿ, ಬರಹ ಫಾಂಟುಗಳಲ್ಲಿ ಹೊಡೆದ ಪಟ್ಟಿ ಯೂನಿಕೋಡ್ ಅಲ್ಲದಿದ್ದರೆ ಸಾಫ್ಟ್‌ವೇರಿನೊಳಗೆ ಅರ್ಥವಿಲ್ಲದ ರೋಮನ್ ಅಕ್ಷರಗಳಾಗಿ ಕಾಣುತ್ತದೆ. ಮೊದಲು ಪರಿವರ್ತಕದಲ್ಲಿ ಹಾಯಿಸಿ, ಆಮೇಲೆ ತನ್ನಿ.

ಅಪಾಯದ ಸೂಚನೆ: ವಾರಕ್ಕೊಮ್ಮೆ ಮೊಬೈಲ್ ನಂಬರ್ ಪ್ರಕಾರ ಪಟ್ಟಿ ತೆಗೆಯಿರಿ. 9999999999 ನಂಬರಿನಲ್ಲಿ ನಲವತ್ತು ರೋಗಿಗಳಿದ್ದರೆ ಕೌಂಟರಿನವರು ಕೇಳುವುದನ್ನೇ ಬಿಟ್ಟಿದ್ದಾರೆ. "ನಂಬರ್ ಇಲ್ಲ" ಎಂಬ ಆಯ್ಕೆಯನ್ನೇ ಕೊಡಿ, ಸುಳ್ಳು ನಂಬರಿಗಿಂತ ಅದು ಮೇಲು.

## ಹಂತ 5: ಹಣ ಮತ್ತು ದಿನದ ತಾಳೆ

ಮೂರನೇ ವಾರ ಬಿಲ್ಲಿಂಗ್ ಶುರು ಮಾಡಿ. ಸೋಮವಾರವಾಗಲಿ, ಊರ ಸಂತೆಯ ದಿನವಾಗಲಿ ಬೇಡ. ಜನ ಕಡಿಮೆ ಇರುವ ದಿನ ಆರಿಸಿ. ಹಳೆಯ ರಸೀದಿ ಪುಸ್ತಕವೂ ಎರಡು ವಾರ ಜೊತೆಗಿರಲಿ, ಅದಕ್ಕಿಂತ ಹೆಚ್ಚು ಬೇಡ. ಎರಡೆರಡು ಕಡೆ ಬರೆದು ಸುಸ್ತಾದವರು ಒಂದನ್ನು ಬಿಡುತ್ತಾರೆ, ಬಿಡುವುದು ಸಾಮಾನ್ಯವಾಗಿ ಕಂಪ್ಯೂಟರನ್ನೇ.

ಮರುಭೇಟಿಯ ನಿಯಮವನ್ನು ಸಾಫ್ಟ್‌ವೇರಿಗೆ ಒಪ್ಪಿಸಿ: ಉದಾಹರಣೆಗೆ, 7 ದಿನದೊಳಗೆ ಅದೇ ಡಾಕ್ಟರಲ್ಲಿ ಬಂದರೆ ಶುಲ್ಕವಿಲ್ಲ. ಇದನ್ನು ಕೌಂಟರಿನವರ ನೆನಪಿಗೆ ಬಿಟ್ಟರೆ ದಿನವೂ ಜಗಳ. ಶುಲ್ಕವಿಲ್ಲದಿದ್ದರೂ ಸೊನ್ನೆ ರೂಪಾಯಿ ಬಿಲ್ಲು ಆಗಲೇಬೇಕು, ಇಲ್ಲದಿದ್ದರೆ ಟೋಕನ್ ಎಣಿಕೆಗೂ ಬಿಲ್ ಎಣಿಕೆಗೂ ತಾಳೆಯಾಗುವುದಿಲ್ಲ.

ರಾತ್ರಿ ಬೀಗ ಹಾಕುವ ಮುನ್ನ ಪ್ರತಿದಿನ ಈ ಲೆಕ್ಕ:

ಬೆಳಗಿನ ಚಿಲ್ಲರೆ 1,000 + ನಗದು ರಸೀದಿ 8,450 − ವಾಪಸು ಕೊಟ್ಟದ್ದು 300 − ಸಣ್ಣ ಖರ್ಚು 240 = ಗಲ್ಲಾಪೆಟ್ಟಿಗೆಯಲ್ಲಿ ಇರಬೇಕಾದದ್ದು 8,910.

ಮೊದಲು ಪೆಟ್ಟಿಗೆ ಎಣಿಸಿ ಬರೆಯಿರಿ, ಆಮೇಲೆ ಸಾಫ್ಟ್‌ವೇರಿನ ಮೊತ್ತ ತೆರೆಯಿರಿ. ತಿರುಗಿಸಿ ಮಾಡಿದರೆ ಎಣಿಕೆ ಯಾವಾಗಲೂ "ಸರಿ"ಯಾಗಿಯೇ ಬರುತ್ತದೆ!

ಕೊರತೆ ಸರಿಯಾಗಿ ಒಂದು ಸಲಹಾ ಶುಲ್ಕದಷ್ಟಿದ್ದರೆ ಯುಪಿಐ ಕೊಟ್ಟವರನ್ನು ನಗದು ಎಂದು ಹಾಕಿರುತ್ತಾರೆ. ಅಷ್ಟೇ ಹೆಚ್ಚು ಬಂದಿದ್ದರೆ ಇದರ ಉಲ್ಟಾ, ಇಲ್ಲವೇ ಬಿಲ್ಲೇ ಆಗಿಲ್ಲ. ಯುಪಿಐ ಮೊತ್ತವನ್ನು ಸೌಂಡ್ ಬಾಕ್ಸ್ ಹೇಳಿದ್ದನ್ನು ನಂಬಿ ಬಿಡಬೇಡಿ. ಬಿಲ್ಲಿನಲ್ಲಿ 12 ಅಂಕಿಯ ವ್ಯವಹಾರ ಸಂಖ್ಯೆಯ ಕೊನೆಯ ನಾಲ್ಕಾದರೂ ಹಾಕಿಸಿ, ರಾತ್ರಿ ಆ್ಯಪಿನ ಪಟ್ಟಿಯೊಂದಿಗೆ ಹೊಂದಿಸಿ. ಕ್ಯೂಆರ್ ಕೋಡ್ ಕ್ಲಿನಿಕ್ಕಿನ ಖಾತೆಯದ್ದೇ ಎಂದು ತಿಂಗಳಿಗೊಮ್ಮೆ ಒಂದು ರೂಪಾಯಿ ಕಳಿಸಿ ನೋಡುವುದು ಅನುಮಾನವಲ್ಲ, ಅಭ್ಯಾಸ.

ಅಪಾಯದ ಸೂಚನೆ: ಬಿಲ್ ರದ್ದತಿಗಳು ಡಾಕ್ಟರು ಹೊರಟ ಮೇಲಿನ ಅರ್ಧ ಗಂಟೆಯಲ್ಲೇ ಗುಂಪಾಗಿ ಆಗುತ್ತಿದ್ದರೆ ರದ್ದು ಮಾಡುವ ಅಧಿಕಾರವನ್ನು ಕೌಂಟರಿನಿಂದ ತೆಗೆಯಿರಿ.

ಕರೆಂಟು, ನೆಟ್ಟು ಕೈಕೊಟ್ಟ ದಿನಕ್ಕೆ ಕ್ರಮಸಂಖ್ಯೆ ಅಚ್ಚಾದ ಕೈರಸೀದಿ ಪುಸ್ತಕ ಒಂದು ಡ್ರಾಯರಿನಲ್ಲಿರಲಿ. ಅಂದೇ ರಾತ್ರಿ, ಕೈರಸೀದಿಯ ನಂಬರ್ ಸಮೇತ, ಅದೇ ತಾರೀಖಿಗೆ ಸೇರಿಸಿ. "ನಾಳೆ ಮಾಡೋಣ" ಎಂದದ್ದು ಆಗುವುದಿಲ್ಲ.

## ಹಂತ 6: ಈಗ ಡಾಕ್ಟರ ಮೇಜು

ದಿನದ ತಾಳೆ ಸತತ ಹತ್ತು ದಿನ ಸರಿ ಬಂದ ಮೇಲೆ ಮಾತ್ರ ಚೀಟಿಗೆ ಬನ್ನಿ. ಅದೂ ಎಲ್ಲರಿಗೂ ಅಲ್ಲ, ಮೊದಲ ವಾರ ತಿಂಗಳಿನ ಬಿಪಿ, ಸಕ್ಕರೆ ರೋಗಿಗಳಿಗೆ. ಅವರ ಚೀಟಿ ಹೆಚ್ಚು ಬದಲಾಗುವುದಿಲ್ಲ, ಬೆರಳಿಗೆ ಅಭ್ಯಾಸವಾಗುತ್ತದೆ.

ಸಾಫ್ಟ್‌ವೇರಿನ ಸಾವಿರಾರು ಔಷಧಿಗಳ ಪಟ್ಟಿ ನಿಮಗೆ ಬೇಡ. ನೀವು ನಿಜವಾಗಿ ಬರೆಯುವ ಐವತ್ತು ಅರವತ್ತನ್ನು ಮೆಚ್ಚಿನ ಪಟ್ಟಿಗೆ ಹಾಕಿ, ಜೆನೆರಿಕ್ ಹೆಸರು, ಅಂದರೆ ಬ್ರಾಂಡ್ ಅಲ್ಲದ ಔಷಧಿಯ ಮೂಲ ಹೆಸರು, ಮುಂದೆ ಬರುವಂತೆ. 2016ರ ತಿದ್ದುಪಡಿಯ ನಂತರ ನಡತೆ ನಿಯಮ ಹೇಳುವುದೂ ಅದನ್ನೇ, ಓದಲು ಬರುವಂತೆ ಬರೆಯಬೇಕು ಎಂಬ ಮಾತೂ ಅದರಲ್ಲಿದೆ. "ಊಟದ ನಂತರ", "ದಿನ ಬಿಟ್ಟು ದಿನ" ಮುಂತಾದ ಸೂಚನೆಗಳನ್ನು ಕನ್ನಡದಲ್ಲೇ ಒಮ್ಮೆ ಬರೆದಿಡಿ.

ಇಲ್ಲಿ ನಿಜವಾದ ಅಪಾಯ ಟೈಪಿಂಗ್ ನಿಧಾನವಾಗುವುದಲ್ಲ, ಬೇಗ ಆಗುವುದು. ಇಂಗ್ಲಿಷಿನಲ್ಲಿ "ಮೆಟ್" ಎಂದು ಮೂರಕ್ಷರ ಒತ್ತಿದರೆ ಮೆಟ್‌ಫಾರ್ಮಿನ್, ಮೆಟೊಪ್ರೊಲಾಲ್, ಮೆಟ್ರೊನಿಡಜೋಲ್ ಒಂದರ ಕೆಳಗೊಂದು ನಿಲ್ಲುತ್ತವೆ. ಒಂದು ಸಕ್ಕರೆಗೆ, ಒಂದು ಬಿಪಿಗೆ, ಒಂದು ಹೊಟ್ಟೆ ಸೋಂಕಿಗೆ. ಬೆರಳು ಒಂದು ಸಾಲು ಜಾರಿದರೆ ಸಾಕು. ಕೈಬರಹದ ಚೀಟಿಯಲ್ಲಿ ಅನುಮಾನ ಬಂದರೆ ಅಂಗಡಿಯವ ಫೋನ್ ಮಾಡುತ್ತಾನೆ. ಅಚ್ಚಾದ ಚೀಟಿಯನ್ನು ಯಾರೂ ಪ್ರಶ್ನಿಸುವುದಿಲ್ಲ. ಕನಿಷ್ಠ ಐದಕ್ಷರ ಒತ್ತಿದ ಮೇಲೆ ಪಟ್ಟಿ ತೆರೆಯುವಂತೆ ಹೊಂದಿಸಿ, ಪ್ರಿಂಟ್ ಆದ ಹಾಳೆಯನ್ನು ಒಮ್ಮೆ ಓದಿ ಸಹಿ ಹಾಕಿ.

"ಹಿಂದಿನ ಚೀಟಿ ನಕಲು" ಬಟನ್ ಕಳೆದ ಸಲದ ಐದು ದಿನದ ಆ್ಯಂಟಿಬಯಾಟಿಕ್ಕನ್ನೂ ಸದ್ದಿಲ್ಲದೆ ತರುತ್ತದೆ. ದಿನಗಳ ಕಾಲಂ ನಕಲಾಗದಂತೆ ಮಾಡಿ, ಪ್ರತಿಸಲ ಕೈಯಿಂದಲೇ ತುಂಬಿ. ಮಕ್ಕಳ ಸಿರಪ್‌ಗೆ 5 ಮಿ.ಲೀ.ಗೆ 125 ಮಿ.ಗ್ರಾಂ, 250 ಮಿ.ಗ್ರಾಂ ಎರಡೂ ಬೇರೆ ಬೇರೆ ಸಾಲಾಗಿ ಇರಲಿ. ಇಂದಿನ ತೂಕ ಹಾಕದೆ ಚೀಟಿ ಉಳಿಯದಂತೆ ನಿರ್ಬಂಧಿಸಿ.

ಅಲರ್ಜಿ ಕಾಲಂ ಖಾಲಿ ಎಂದರೆ ಅಲರ್ಜಿ ಇಲ್ಲ ಎಂದಲ್ಲ, ಕೇಳಿಲ್ಲ ಎಂದು. "ಕೇಳಿದೆ, ಇಲ್ಲ" ಎಂಬುದಕ್ಕೆ ಪ್ರತ್ಯೇಕ ಆಯ್ಕೆ ಬೇಕು.

ರೋಗಿ ತನ್ನ ದಾಖಲೆ ಕೇಳಿದರೆ 72 ಗಂಟೆಯೊಳಗೆ ಕೊಡಬೇಕೆಂಬ ನಿಯಮವಿದೆ. ಒಂದು ಹೆಸರಿನ ಪೂರ್ತಿ ದಾಖಲೆ ಒಂದೇ ಪಿಡಿಎಫ್ ಆಗಿ ಬರುತ್ತದೆಯೇ ಎಂದು ಈಗಲೇ ತೆಗೆದು ನೋಡಿ.

## ಹಂತ 7: ಔಷಧಿ ದಾಸ್ತಾನು

ಕ್ಲಿನಿಕ್ಕಿನಲ್ಲೇ ಔಷಧಿ ಕೊಡುವವರಿಗೆ ಮಾತ್ರ ಈ ಹಂತ. ಬಹುತೇಕ ಎಡವಟ್ಟು ಒಂದೇ ಜಾಗದಲ್ಲಿ: ಕೊಂಡದ್ದು ಸ್ಟ್ರಿಪ್ಪಿನಲ್ಲಿ, ಕೊಟ್ಟದ್ದು ಮಾತ್ರೆಯಲ್ಲಿ. 15 ಮಾತ್ರೆಯ 10 ಸ್ಟ್ರಿಪ್ ಪ್ಯಾರಸಿಟಮಾಲ್ 650 ತಂದು ದಾಸ್ತಾನಿನಲ್ಲಿ "10" ಎಂದು ಹಾಕುತ್ತಾರೆ. ಮೊದಲ ರೋಗಿಗೆ 6, ಎರಡನೆಯವರಿಗೆ 6. ಕಪಾಟಿನಲ್ಲಿ 138 ಮಾತ್ರೆ, ಪರದೆಯಲ್ಲಿ ಮೈನಸ್ 2. ಸಾಫ್ಟ್‌ವೇರ್ ಮುಂದಿನವರಿಗೆ ಕೊಡಲು ಬಿಡುವುದಿಲ್ಲ, ಕೌಂಟರಿನವರು ಬೇಸತ್ತು ಸುಮ್ಮನೆ 1,000 ಎಂದು ಹಾಕುತ್ತಾರೆ, ಅಲ್ಲಿಗೆ ದಾಸ್ತಾನು ಮುಗಿಯಿತು. ಕೊಳ್ಳುವ ಅಳತೆ ಸ್ಟ್ರಿಪ್, ಕೊಡುವ ಅಳತೆ ಮಾತ್ರೆ, ನಡುವಿನ ಗುಣಕ 15 ಎಂದು ಪ್ರತಿ ಔಷಧಿಗೂ ಮೊದಲೇ ಬರೆಯಿರಿ.

ಬ್ಯಾಚ್ ಮತ್ತು ಅವಧಿ ಇಲ್ಲದೆ ಒಳಗೆ ತೆಗೆದುಕೊಳ್ಳಬೇಡಿ. ಮೊದಲು ಬಂದದ್ದಲ್ಲ, ಮೊದಲು ಅವಧಿ ಮುಗಿಯುವುದು ಮೊದಲು ಹೊರಗೆ ಹೋಗಬೇಕು.

## ಹಂತ 8: ಮೆಸೇಜು, ಬ್ಯಾಕಪ್, ಗೋಪ್ಯತೆ

ಎಸ್‌ಎಂಎಸ್ ಕಳಿಸಲು ದೂರಸಂಪರ್ಕ ನಿಯಂತ್ರಕ ಟ್ರಾಯ್ ನಿಯಮದಂತೆ ಡಿಎಲ್‌ಟಿ ಎಂಬ ಮೊಬೈಲ್ ಕಂಪನಿಗಳ ನೋಂದಣಿ ವ್ಯವಸ್ಥೆಯಲ್ಲಿ ಕಳಿಸುವವರ ಹೆಸರು ಮತ್ತು ಸಂದೇಶದ ನಮೂನೆ ನೋಂದಣಿಯಾಗಿರಬೇಕು. ನಮೂನೆಗೂ ಕಳಿಸಿದ್ದಕ್ಕೂ ಒಂದು ಪದ ವ್ಯತ್ಯಾಸವಿದ್ದರೂ ಸಂದೇಶ ಹೋಗುವುದಿಲ್ಲ.

ಕನ್ನಡ ಎಸ್‌ಎಂಎಸ್ ಒಂದರ ಮಿತಿ 160 ಅಲ್ಲ, 70. ಅದೂ ನಾವು ಎಣಿಸುವ ಅಕ್ಷರವಲ್ಲ. "ನಾಳೆ ಬೆಳಿಗ್ಗೆ 10ಕ್ಕೆ ನಿಮ್ಮ ಮರುಭೇಟಿ ಇದೆ" ಎಂಬುದು ಕಣ್ಣಿಗೆ, ಜಾಗವೂ ಸೇರಿ, 21. ಯಂತ್ರಕ್ಕೆ 38, ಏಕೆಂದರೆ "ಕ್ಕೆ" ಒಂದೇ ನಾಲ್ಕರ ಲೆಕ್ಕ. ಕ್ಲಿನಿಕ್ ಹೆಸರು, ಡಾಕ್ಟರ ಹೆಸರು, ಫೋನ್ ಸೇರಿಸಿದಿರೋ, ಒಂದು ನೆನಪೋಲೆಗೆ ಎರಡು ಸಂದೇಶದ ದುಡ್ಡು. ಮನೆಗೆಲ್ಲ ಒಂದೇ ಫೋನ್ ಇರುವುದರಿಂದ ಸಂದೇಶದಲ್ಲಿ ಕಾಯಿಲೆಯ ಹೆಸರಾಗಲಿ, ಪರೀಕ್ಷೆಯ ಹೆಸರಾಗಲಿ ಬೇಡವೇ ಬೇಡ.

2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆಯ ನಿಯಮಗಳು 2025ರ ನವೆಂಬರ್‌ನಲ್ಲಿ ಪ್ರಕಟವಾಗಿ ಹಂತಹಂತವಾಗಿ ಜಾರಿಗೆ ಬರುತ್ತಿವೆ. ಸಿಬ್ಬಂದಿಯ ಸ್ವಂತ ವಾಟ್ಸ್‌ಆ್ಯಪಿನಿಂದ ರಿಪೋರ್ಟ್ ಕಳಿಸುವುದನ್ನು ಇಂದೇ ನಿಲ್ಲಿಸಿ. ಕೌಂಟರಿನ ಪರದೆ ಸಾಲಿನಲ್ಲಿ ನಿಂತವರ ಕಡೆ ತಿರುಗಿರಬಾರದು.

ಸಾಫ್ಟ್‌ವೇರ್ ನಿಮ್ಮದೇ ಕಂಪ್ಯೂಟರಿನಲ್ಲಿದ್ದರೆ ದಿನಕ್ಕೊಂದು ಬ್ಯಾಕಪ್ ತನ್ನಷ್ಟಕ್ಕೇ ಆಗಲಿ, ವಾರಕ್ಕೊಂದು ಪಾಸ್‌ವರ್ಡ್ ಇರುವ ಹೊರ ಡಿಸ್ಕಿಗೆ ಹೋಗಲಿ. ಡಿಸ್ಕನ್ನು ಸದಾ ಚುಚ್ಚಿಟ್ಟರೆ ವೈರಸ್ ಬಂದ ದಿನ ಅದೂ ಲಾಕ್ ಆಗುತ್ತದೆ. ನಕಲು ಮುಗಿದ ಕೂಡಲೇ ತೆಗೆದು ಕ್ಲಿನಿಕ್ಕಿನಿಂದ ಹೊರಗಿಡಿ. ಬ್ಯಾಕಪ್ ಫೈಲಿನ ಗಾತ್ರ ವಾರಗಟ್ಟಲೆ ಒಂದೇ ಇದ್ದರೆ ಬ್ಯಾಕಪ್ ನಿಂತುಹೋಗಿರುವ ಸಾಧ್ಯತೆ ಹೆಚ್ಚು. ತಿಂಗಳಿಗೊಮ್ಮೆ ಬೇರೆ ಕಂಪ್ಯೂಟರಿನಲ್ಲಿ ತೆರೆದು, ನಿನ್ನೆಯ ಕೊನೆಯ ರೋಗಿಯ ಹೆಸರು ಸಿಗುತ್ತದೆಯೇ ನೋಡಿ.

## ಹಂತ 9: ಆಭಾ

14 ಅಂಕಿಯ ಆಭಾ ಸಂಖ್ಯೆ ರೋಗಿಗೆ ಐಚ್ಛಿಕ. ಇಲ್ಲವೆಂದು ಟೋಕನ್ ನಿರಾಕರಿಸುವಂತಿಲ್ಲ. ಬಳಸಬೇಕೆಂದರೆ ಕ್ಲಿನಿಕ್ ಆರೋಗ್ಯ ಸಂಸ್ಥೆಗಳ ನೋಂದಣಿಯಲ್ಲಿ, ಡಾಕ್ಟರು ವೃತ್ತಿಪರರ ನೋಂದಣಿಯಲ್ಲಿ ಇರಬೇಕು. ಸಾಫ್ಟ್‌ವೇರ್ ಆಯುಷ್ಮಾನ್ ಭಾರತ್ ಡಿಜಿಟಲ್ ಮಿಷನ್‌ಗೆ ಜೋಡಣೆಯಾಗಿರಬೇಕು. ಆಗ ರೋಗಿ ಕೌಂಟರಿನ ಕ್ಯೂಆರ್ ಸ್ಕ್ಯಾನ್ ಮಾಡಿದರೆ ಹೆಸರು, ವಯಸ್ಸು ತಾನಾಗಿಯೇ ಬರುತ್ತದೆ. ಇದನ್ನು ಕೊನೆಗಿಟ್ಟ ಕಾರಣ ಸರಳ: ನಿಮ್ಮಲ್ಲೇ ಒಬ್ಬರಿಗೆ ಮೂರು ಕಾರ್ಡಿದ್ದರೆ ಆಭಾ ಯಾವುದಕ್ಕೆ ಅಂಟಬೇಕು? ಮೊದಲು ಒಬ್ಬರದೇ ಹಲವು ಕಾರ್ಡುಗಳನ್ನು ಒಂದುಗೂಡಿಸಿ.

## ಹಂತ 10: ಮಾರ್ಚ್ 31ರ ರಾತ್ರಿ

ಆದಾಯ ತೆರಿಗೆಗೆ ಲೆಕ್ಕಪುಸ್ತಕ ಇಡಬೇಕಾದ ವೈದ್ಯರು ದಿನವಹಿ ಕೇಸ್ ರಿಜಿಸ್ಟರ್ ಇಡಬೇಕಿತ್ತು. 1962ರ ನಿಯಮಗಳಲ್ಲಿ ಅದು ಫಾರಂ 3ಸಿ. ತಾರೀಖು, ಕ್ರಮಸಂಖ್ಯೆ, ರೋಗಿಯ ಹೆಸರು, ಸೇವೆಯ ಬಗೆ, ಪಡೆದ ಶುಲ್ಕ, ಪಡೆದ ದಿನ, ಇಷ್ಟು ಕಾಲಂ ಇರುವ ವರದಿ ನಿಮ್ಮ ಸಾಫ್ಟ್‌ವೇರಿನಿಂದ ಬಂದರೆ ಲೆಕ್ಕಪರಿಶೋಧಕರ ಪ್ರಶ್ನೆಗಳು ಅರ್ಧ ಕಡಿಮೆಯಾಗುತ್ತವೆ. 2026ರ ಏಪ್ರಿಲ್‌ನಿಂದ ಹೊಸ ಆದಾಯ ತೆರಿಗೆ ಕಾಯ್ದೆ ಬಂದಿರುವುದರಿಂದ ಈಗಿನ ನಮೂನೆಯನ್ನು ಅವರಿಂದಲೇ ಕೇಳಿ ಪಡೆಯಿರಿ. ಮಾರ್ಚ್ 31ರಂದು ಔಷಧಿಯನ್ನು ಕೈಯಾರೆ ಎಣಿಸಿ, ಪರದೆಯ ಸಂಖ್ಯೆಯೊಂದಿಗೆ ಹೋಲಿಸಿ, ವ್ಯತ್ಯಾಸವನ್ನು ಕಾರಣದೊಂದಿಗೆ ದಾಖಲಿಸಿ.

ವರ್ಷದ ಎಲ್ಲ ಬಿಲ್ಲುಗಳನ್ನೂ ಅದೇ ರಾತ್ರಿ ಹೊರತೆಗೆದು ಉಳಿಸಿ, ಹಳೆಯ ವರ್ಷಕ್ಕೆ ತಿದ್ದುಪಡಿ ಆಗದಂತೆ ಬೀಗ ಹಾಕಿ. ಹೊಸ ಸರಣಿಯ ಬಿಲ್ ಸಂಖ್ಯೆ, ಜಿಎಸ್‌ಟಿ ನೋಂದಣಿ ಇದ್ದರೆ, 16 ಅಕ್ಷರ ಮೀರಬಾರದು. ಕ್ಲಿನಿಕ್ಕಿನ ಪೂರ್ತಿ ಹೆಸರನ್ನು ಅದರೊಳಗೆ ತುರುಕುವವರು ಇಲ್ಲೇ ಸಿಕ್ಕಿಬೀಳುತ್ತಾರೆ. ಏಪ್ರಿಲ್ 1ರ ಬೆಳಿಗ್ಗೆ ಮೊದಲ ಟೋಕನ್ ಕರೆಯುವ ಮುನ್ನ ಒಂದು ಸೊನ್ನೆ ರೂಪಾಯಿ ಬಿಲ್ಲು ಮಾಡಿ, ಸಂಖ್ಯೆ 1ರಿಂದ ಶುರುವಾಗಿದೆಯೇ, ತಾರೀಖು ಸರಿಯಿದೆಯೇ ನೋಡಿ, ಆ ಹಾಳೆಯನ್ನು ಫೈಲಿಗೆ ಹಾಕಿ.